ಎಡಗೈಗೊಂದು ಕಾರ್ಡ್‌ಲೆಸ್

ಶಿಕಾರಿಪುರ, ಸೋಮವಾರ, 12 ಏಪ್ರಿಲ್ 1999. ಬೆಳಿಗ್ಗೆ 10.40

ರಬ್ಬರ್ ಚೆಂಡು ಇವತ್ತೂ ಮಂಚದ ಕೆಳಗೆ. ಮೂರು ಸಲ ಬಗ್ಗಿ ತೆಗೆದುಕೊಟ್ಟೆ. ನಾಲ್ಕನೇ ಸಲ ಅತ್ತೆಯೇ ಬಲಗೈಯಲ್ಲಿ ಎತ್ತಿ ಬಾಗಿಲಾಚೆ ಎಸೆದರು.

"ಹತ್ತು ಸಲ ಹಿಚುಕಬೇಕಂತೆ ಅತ್ತೆ. ಡಾಕ್ಟ್ರು ಹೇಳಿದಾರೆ."

"ಅವನೇ ಹಿಚುಕ್ಕೊಳ್ಲಿ."

ಫೆಬ್ರವರಿ ಒಂಬತ್ತರಂದು ಅತ್ತೆಗೆ ಲಕ್ವ ಹೊಡೆದದ್ದು. ಕಾಲು ಪರವಾಗಿಲ್ಲ, ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾರೆ. ಮಾತು ಪೂರ್ತಿ ಬಂದಿದೆ, ಬೇಕಾದ್ದಕ್ಕಿಂತ ಜಾಸ್ತಿಯೇ. ಎಡಗೈ ಮಾತ್ರ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತದೆ, ಯಾರದೋ ಸಾಮಾನು ಅನ್ನುವ ಹಾಗೆ. ಶಿವಮೊಗ್ಗದ ಡಾಕ್ಟರು ಹೇಳಿದ್ದು — ಮೊದಲ ಆರು ತಿಂಗಳಲ್ಲಿ ಎಷ್ಟು ಬರುತ್ತದೋ ಹೆಚ್ಚುಕಮ್ಮಿ ಅಷ್ಟೇ. ಎರಡು ಆಗಲೇ ಹೋಯಿತು.

ಸೋಮವಾರ. ಈ ಹೊತ್ತಿಗೆ ಸೊರಬದಲ್ಲಿ ಇರುತ್ತಿದ್ದೆ. ಏಳೂಕಾಲರ ಬಸ್ಸು, ಶಿರಾಳಕೊಪ್ಪದಲ್ಲಿ ಕಾಲು ಗಂಟೆ, ಒಂಬತ್ತೂವರೆಗೆ ಮೊದಲ ಬ್ಯಾಚು. ಸೋಮ, ಬುಧ, ಶುಕ್ರ. ಶ್ರೀನಿವಾಸ್ ಅವರ ಕಂಪ್ಯೂಟರ್ ಸೆಂಟರ್. ಎಂಟು ಮಷೀನು, ಪಾಠ ಹೇಳಲು ನಾನೊಬ್ಬಳೇ. ಲಕ್ವ ಆದ ಮರುದಿನದಿಂದ ಹೋಗಿಲ್ಲ. ಯಾರೂ ಬಿಡು ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ.

ಈಗ ಬಸ್ಸಿನ ಹಾರ್ನ್ ಕೇಳಿದರೆ ಸುಮ್ಮನೆ ಎದ್ದು ನಿಲ್ಲುತ್ತೇನೆ. ಎಲ್ಲಿಗೆ ಅಂತ ಗೊತ್ತಿಲ್ಲ… ಮತ್ತೆ ಕೂರುತ್ತೇನೆ.


ಬುಧವಾರ, 14 ಏಪ್ರಿಲ್. ಬೆಳಿಗ್ಗೆ 8

ಅತ್ತೆ ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸಿದರು. ದಿನಾ ಇಷ್ಟೇ. ಯಾಕೆ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ನನ್ನ ಅತ್ತೆ, ಅರವತ್ತೇಳು ವರ್ಷದ ಅಕ್ಕನಾಗಮ್ಮ, ಲಿಂಗಪೂಜೆ ಆಗದೆ ಒಂದು ತೊಟ್ಟು ಕಾಫಿಯನ್ನೂ ಬಾಯಿಗೆ ಹಾಕಿದವರಲ್ಲ. ಎಡಗೈ ಮೇಲೆ ಲಿಂಗ, ಬಲಗೈಯಲ್ಲಿ ವಿಭೂತಿ, ಪತ್ರೆ. ಆಸ್ಪತ್ರೆಯಿಂದ ಬಂದ ವಾರಕ್ಕೆ ಒಂದು ಸಲ ಕೂತಿದ್ದರು. ಅಂಗೈ ನಿಲ್ಲಲಿಲ್ಲ, ವಾಲಿತು. ಲಿಂಗ ಮಡಿಲಿಗೆ ಉರುಳಿತು. ನೆಲಕ್ಕೆ ಬೀಳಲಿಲ್ಲ. ಆದರೆ ಅವರ ಮುಖ ನಾನು ನೋಡಿದೆ… ಅವತ್ತು ಲಿಂಗವನ್ನು ಕರಡಿಗೆಯೊಳಗಿಟ್ಟು ಮುಚ್ಚಳ ಹಾಕಿ ಎದೆಗೆ ಕಟ್ಟಿಕೊಂಡವರು ಮತ್ತೆ ತೆಗೆದಿಲ್ಲ. ಮಠದ ಅಯ್ಯನವರು ಬಂದು, ಪೀಠದ ಮೇಲಿಟ್ಟು ಮಾಡಬಹುದಮ್ಮ, ದೋಷವಿಲ್ಲ ಅಂದರು. ಹೂಂ ಅಂದರು ಅತ್ತೆ. ಮಾಡಲಿಲ್ಲ.

ಪೂಜೆ ಇಲ್ಲದೆ ಉಣ್ಣುವುದು ಅವರಿಗೆ ಕದ್ದು ತಿಂದ ಹಾಗೆ. ಸಣ್ಣಗಾಗಿದ್ದಾರೆ. ಕುಪ್ಪಸ ಜೋಲುತ್ತಿದೆ.


ಸೋಮವಾರ, 19 ಏಪ್ರಿಲ್. ಮಧ್ಯಾಹ್ನ 3.15

ನಗು ಬರುತ್ತಿದೆ. ಬರೆದುಬಿಡುತ್ತೇನೆ.

ಪಂಪ್‌ಸೆಟ್ ಅಂಗಡಿಗೆಂದು ಚನ್ನೇಶ್ ಹೋದ ವರ್ಷ ತಂದ ಕಂಪ್ಯೂಟರ್ — ಗಂಡನ ಹೆಸರು ಹೀಗೆ ಬರೆಯುವುದು ಈ ಪುಸ್ತಕದಲ್ಲಿ ಮಾತ್ರ — ಅಂಗಡಿಯಲ್ಲಿ ಧೂಳು ಅಂತ ಮನೆಗೆ ಬಂದು ನಡುಮನೆಯ ಮೂಲೆಯಲ್ಲಿ ಕೂತಿದೆ. ಅತ್ತೆ ಮಲಗಿದಾಗ ನಾನು ಕಾರ್ ರೇಸ್ ಆಡುತ್ತೇನೆ. ಪಾಠ ಹೇಳುವುದನ್ನು ಮರೆಯಬಾರದು ಅಂತ ಶುರು ಮಾಡಿದ್ದು, ಈಗ ಬರೀ ರೇಸ್. ಸೌಂಡ್ ಆಫ್. ಕೈ ಓಡುತ್ತಿದ್ದರೆ ತಲೆ ಸ್ವಲ್ಪ ಸುಮ್ಮನಿರುತ್ತದೆ.

ಇವತ್ತು ಹಿಂದಿನಿಂದ ಒಂದು ಕೂಗು.

"ಎಡಕ್ಕೆ! ಎಡಕ್ಕೆ ಎಳಿಯೇ! ಗುದ್ತೀಯ!"

ಗುದ್ದಿದೆ. ತಿರುಗಿ ನೋಡಿದರೆ ಅತ್ತೆ ಎದ್ದು ಕೂತಿದ್ದಾರೆ. ಎಷ್ಟು ದಿನದಿಂದ ನೋಡುತ್ತಿದ್ದಾರೋ.

"ತಿರುವು ಬರೋಕಿಂತ ಮುಂಚೇನೆ ಎಳೀಬೇಕು. ತಿರುವಿನಾಗೆ ಎಳೆದ್ರೆ ಗಾಡಿ ಮಗುಚ್ತೈತೆ. ತೊಗರ್ಸಿಯಿಂದ ಇಲ್ಲೀಗಂಟ ಎತ್ತಿನಗಾಡಿ ನಾನೇ ಹೊಡ್ಕೊಂಡು ಬಂದಿದೀನಿ, ಹದಿನಾಲ್ಕು ವರ್ಷದಾಗೆ. ನಮ್ಮಪ್ಪ ಹಿಂದೆ ಮಲಗಿದ್ದ."

ನಾಲ್ಕು ವರ್ಷ ಸೊಸೆಯಾಗಿದ್ದೇನೆ. ಈ ಮಾತು ಇವತ್ತೇ ಕೇಳಿದ್ದು.


ಬುಧವಾರ, 21 ಏಪ್ರಿಲ್

ಅತ್ತೆಯ ಎಡಗೈಯಲ್ಲೇ ಆಡಿಸೋಣ ಅಂತ ಕೀಬೋರ್ಡನ್ನೇ ಮಂಚಕ್ಕೆ ಎಳೆದು ನೋಡಿದೆ. ವೈರು ಬರಲಿಲ್ಲ. ಟೇಬಲ್ಲು ಸರಿಸೋಣವೆಂದರೆ ಅರ್ಥಿಂಗ್ ಇರುವ ಪ್ಲಗ್ಗು ಮನೆಯಲ್ಲಿ ಅದೊಂದೇ. ಮಂಚ ಸರಿಸಿದರೆ ಬಚ್ಚಲು ದೂರ. ಅತ್ತೆಯನ್ನೇ ಕುರ್ಚಿಗೆ ಕರೆತಂದು ಕೂರಿಸಿದೆ, ಹತ್ತು ನಿಮಿಷಕ್ಕೆ ಸೊಂಟ ನೋವು. ಅಷ್ಟರಲ್ಲೂ ಬಲಗೈಯೇ ಮುಂದೆ ಬಂತು. ಎಡಗೈ ಎತ್ತಿ ಕೀ ಮೇಲಿಟ್ಟರೆ ಐದೂ ಬೆರಳು ಒಟ್ಟಿಗೆ ಬಿದ್ದು ಪರದೆ ತುಂಬ ಏನೇನೋ.

ಆದರೆ ಹೆಬ್ಬೆರಳು. ಹೆಬ್ಬೆರಳು ಒಂದಿಷ್ಟು ಅಲ್ಲಾಡಿತು. ನಾನು ನೋಡಿದೆ. ಅವರೂ ನೋಡಿದರು.

ಸಂಜೆ ಶ್ರೀನಿವಾಸ್‌ಗೆ ಫೋನ್ ಮಾಡಿದೆ. ಗೇಮ್ ಪ್ಯಾಡ್ ಇದೆಯಾ, ಎಡಗೈ ಹೆಬ್ಬೆರಳಿನಲ್ಲಿ ಆಡುವಂಥದ್ದು, ವೈರು ಉದ್ದ ಇರಬೇಕು.

"ವೈರೇ ಇಲ್ದೇ ಇರೋದೂ ಬಂದಿದೆ ಮೇಡಂ, ಕಾರ್ಡ್‌ಲೆಸ್. ನಮ್ಮ ಸಂಜೆ ಹುಡುಗ್ರಿಗೆ ಅಂತ ಸ್ಯಾಂಪಲ್ ತರಿಸಿದೀನಿ. ಬನ್ನಿ ನೋಡಿ. ಹಂಗೇ… ಯಾವಾಗ ವಾಪಸ್ ಬರ್ತೀರಿ, ಅದನ್ನೂ ಮಾತಾಡಾಣ."


ಸೋಮವಾರ, 26 ಏಪ್ರಿಲ್. ಸಂಜೆ 6

ಸೊರಬಕ್ಕೆ ಹೋಗಿ ಬಂದೆ! ಪಕ್ಕದ ಮನೆಯ ಬಸವಣ್ಣೆಮ್ಮ ಅತ್ತೆಯ ಜೊತೆ ಕೂತಿದ್ದರು. ಏಳೂಕಾಲರ ಬಸ್ಸು. ಕಂಡಕ್ಟರ್ "ಏನ್ ಟೀಚರ್, ಕಾಣಂಗೇ ಇಲ್ಲ" ಅಂದ. ಕಿಟಕಿ ಪಕ್ಕ ಸೀಟು. ದಾರಿಯುದ್ದಕ್ಕೂ ನಾನು ಏನನ್ನೂ ಯೋಚಿಸಲಿಲ್ಲ — ಎಷ್ಟು ದಿನವಾಗಿತ್ತು.

ಟೇಬಲ್ ಮೇಲೆ ಸಾಲಾಗಿ ಇಟ್ಟಿದ್ದರು. ವೈರಿನದು ಒಂದು. ಕಾರ್ಡ್‌ಲೆಸ್‌ನಲ್ಲಿ ಎರಡು ಥರ. ಒಂದು ಟಿವಿ ರಿಮೋಟಿನ ಹಾಗೆ ಬೆಳಕಿನಲ್ಲಿ ಕೆಲಸ ಮಾಡುತ್ತದೆ, ಮುಂದೆ ಯಾವುದೂ ಅಡ್ಡ ಇರಬಾರದು. ಇನ್ನೊಂದು ರೇಡಿಯೋದ್ದು, ಅಡ್ಡ ಇದ್ದರೂ ಸರಿ, ಆದರೆ ನಾಲ್ಕು ಪೆನ್ಸಿಲ್ ಸೆಲ್, ಕೈಗೆ ಭಾರ. ಎರಡಕ್ಕೂ ಒಂದು ಸಣ್ಣ ಡಬ್ಬಿ, ಅದನ್ನು ಕಂಪ್ಯೂಟರಿನ ಹಿಂದೆ ಜಾಯ್‌ಸ್ಟಿಕ್ ಚುಚ್ಚುವ ಜಾಗಕ್ಕೆ ಚುಚ್ಚಬೇಕು.

ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ. ಎಡಗೈ ತೊಡೆಯ ಮೇಲೆ ಸಡಿಲ ಬಿಟ್ಟು ಒಂದೊಂದಾಗಿ ಆಡಿದೆ. ಅತ್ತೆಯ ಹಾಗೆ ಬೆರಳು ಅರೆಮಡಿಚಿ. ಶ್ರೀನಿವಾಸ್ ನೋಡುತ್ತ ನಿಂತರು, ನಗಲಿಲ್ಲ. ವೈರಿನದು ತಿರುಗಿದರೆ ಎಳೆಯುತ್ತದೆ. ರೇಡಿಯೋದ್ದು ಐದು ನಿಮಿಷಕ್ಕೆ ನನ್ನ ಮಣಿಕಟ್ಟೇ ಸೋತಿತು, ಅವರಿಗೆ ಹೇಗಾದೀತು? ಬೆಳಕಿನದು ಹೂವಿನ ಹಾಗೆ ಹಗುರ. ಅದನ್ನೇ ತಂದೆ. ಹೊಂದದಿದ್ದರೆ ವಾಪಸ್ ಅಂತ ಮಾತು.

ಹೊರಡುವಾಗ ಅಂದರು. "ಜೂನ್ ಒಂದಕ್ಕೆ ಹೊಸ ಬ್ಯಾಚು. ಅಷ್ಟರೊಳಗೆ ಹೇಳಿಬಿಡಿ ಮೇಡಂ."


ಬುಧವಾರ, 28 ಏಪ್ರಿಲ್. ಮಧ್ಯಾಹ್ನ

ಪ್ಯಾಡನ್ನು ಅತ್ತೆಯ ಎಡಗೈಯಲ್ಲಿಟ್ಟು, ದಿಂಬು ಕೊಟ್ಟು, ಮೊದಲು ಸೆಟ್ಟಿಂಗ್ ತೆರೆದೆ. ಪರದೆ ಮೇಲೆ ಒಂದು ಚೌಕ, ಒಳಗೆ ಕೂಡಿಸುವ ಗುರುತು. ಹೆಬ್ಬೆರಳು ಒತ್ತಿದತ್ತ ಅದು ಸರಿಯಬೇಕು.

ಎರಡು ನಿಮಿಷ ಏನೂ ಇಲ್ಲ. ಹಣೆಯಲ್ಲಿ ಬೆವರು. ಆಮೇಲೆ ಆ ಗುರುತು ಎಡಕ್ಕೆ ಹೋಗಿ ಬಂತು.

"ನಾನಾ ಮಾಡಿದ್ದು?"

"ನೀವೇ ಅತ್ತೆ."

"ಸುಳ್ಳು ಹೇಳ್ಬ್ಯಾಡ. ಎಲ್ಲಿ, ನೀ ದೂರ ನಿಲ್ಲು."

ದೂರ ನಿಂತೆ. ಮತ್ತೆ ಹೋಯಿತು.


ಸೋಮವಾರ, 3 ಮೇ

ಬೆಳಕಿನದು ತಂದು ತಪ್ಪು ಮಾಡಿದೆನಾ… ಟ್ಯೂಬ್‌ಲೈಟ್ ಹಾಕಿದರೆ ಕೆಲಸ ಮಾಡುವುದಿಲ್ಲ. ಮೂರು ಗಂಟೆಯ ಬಿಸಿಲು ಕಿಟಕಿಯಿಂದ ಬಿದ್ದರೂ ಇಲ್ಲ. ಹೊದಿಕೆ ಉಬ್ಬಿದರೂ ಇಲ್ಲ. ನಡುವೆ ಯಾರಾದರೂ ಓಡಾಡಿದರೆ ಕಾರು ನೇರ ಗೋಡೆಗೆ. ನಿನ್ನೆ ಚನ್ನೇಶ್ ಸ್ನಾನಕ್ಕೆಂದು ಹಾದು ಹೋದರು.

"ಅಡ್ಡ ಬರಬ್ಯಾಡೋ! ಮೂರನೇ ನಂಬರಿಗೆ ಬಂದಿದ್ದೆ!"

ಚನ್ನೇಶ್ ಟವೆಲ್ ಹಿಡಿದು ಹಾಗೇ ನಿಂತರು. ಆಮೇಲೆ ಅಡುಗೆಮನೆಗೆ ಬಂದು ನನ್ನ ಹತ್ತಿರ ಮೆಲ್ಲಗೆ —

"ಏನಿದು ಶರಣ್ಯ? ಅವ್ವನ್ನ ನೋಡಾಕೆ ಅಂತ ಜನ ಬರ್ತಾರೆ. ಈ ವಯಸ್ನಾಗೆ ವಿಡಿಯೋ ಗೇಮ್ ಆಡ್ಕೊಂಡು ಕುಂತಿದ್ರೆ ಏನಂತಾರೆ?"

"ಕೈ ಅಲ್ಲಾಡ್ತಾ ಇದೇರಿ."

"ಡಾಕ್ಟ್ರು ಚೆಂಡು ಕೊಟ್ಟಿದಾರಲ್ಲ."

"ಚೆಂಡನ್ನ ಎಸೀತಾರೆ. ಇದನ್ನ ಎಸೆಯಲ್ಲ."

ಅವರು ಹೆದರಿದ್ದಾರೆ, ಅಷ್ಟೇ. ಆಸ್ಪತ್ರೆಯಲ್ಲಿ ಅವ್ವನ ಕೈ ಹಿಡಿದುಕೊಳ್ಳಲೂ ಹೆದರಿದ್ದರು. ಆದರೆ ಹೋಗುವಾಗ ಒಂದು ಮಾತು ಎಸೆದರು. "ಇದೆಲ್ಲ ಅವ್ವನಿಗೋಸ್ಕರಾನೋ, ಸೊರಬದ ಬಸ್ಸಿಗೋಸ್ಕರಾನೋ?"

ಉತ್ತರವನ್ನು ಇಲ್ಲಿ ಬರೆಯಬಹುದು. ಎರಡಕ್ಕೂ. ಯಾವುದು ಎಷ್ಟು ಅಂತ ನನಗೇ ಗೊತ್ತಿಲ್ಲ. ಆ ಗುರುತು ಎಡಕ್ಕೆ ಸರಿದಾಗ ನನಗೆ ಮೊದಲು ಕಂಡದ್ದು ಅತ್ತೆಯ ಮುಖವಾ, ಕಿಟಕಿ ಪಕ್ಕದ ಸೀಟಾ?


ಶುಕ್ರವಾರ, 7 ಮೇ. ಬೆಳಿಗ್ಗೆ 11.30

ಶ್ರೀನಿವಾಸ್ ಫೋನ್. ಇಪ್ಪತ್ತೆರಡು ಜನ ಸೇರಿದ್ದಾರಂತೆ. ನಾನು ಬರದಿದ್ದರೆ ಸಾಗರದಿಂದ ಒಬ್ಬರು ಬರುತ್ತಾರಂತೆ. "ಅತ್ತೆ ಕೈ ಸುಧಾರಿಸ್ತಾ ಇದೆ ಸಾರ್. ಹೀಗೇ ಹೋದ್ರೆ ಜೂನ್ ಹೊತ್ತಿಗೆ ಬರ್ತೀನಿ" ಅಂದೆ. ಖುಷಿಯಲ್ಲಿ ದನಿ ಏರಿತ್ತು ಅಂತ ಕಾಣುತ್ತದೆ. ತಿರುಗಿದರೆ ಪರದೆಯಲ್ಲಿ ಅತ್ತೆಯ ಕಾರು ನಡುರಸ್ತೆಯಲ್ಲಿ ನಿಂತಿತ್ತು. ಉಳಿದ ಕಾರುಗಳು ಅಕ್ಕಪಕ್ಕ ಹಾದುಹೋಗುತ್ತಿದ್ದವು.

"ನನ್ ಕೈ ನೆಟ್ಟಗಾದ್ರೆ ನೀ ಹೋಗ್ತೀಯ?"

ಇಲ್ಲ ಅನ್ನಬಹುದಿತ್ತು. ಒಂದು ಶಬ್ದ. ಬಾಯಿಗೆ ಬರಲಿಲ್ಲ.

"ಹೋಗ್ತೀನಿ ಅತ್ತೆ. ವಾರಕ್ಕೆ ಮೂರು ದಿನ."

ಪ್ಯಾಡು ಹೊದಿಕೆಯ ಮೇಲೆ ಜಾರಿತು. "ಹಂಗಾದ್ರೆ ಇದನ್ನ ತಗೊಂಡ್ಹೋಗು. ನಂಗೆ ಬ್ಯಾಡ."

ಗೋಡೆ ಕಡೆ ತಿರುಗಿ ಮಲಗಿದರು.


ಸೋಮವಾರ, 31 ಮೇ

ಮೂರು ವಾರ ಏನೂ ಬರೆದಿಲ್ಲ. ಬರೆಯಲು ಏನೂ ಇರಲಿಲ್ಲ. ಚೆಂಡು ಕೊಡುತ್ತೇನೆ, ಎಸೆಯುತ್ತಾರೆ. ಅರ್ಧ ರೊಟ್ಟಿ. ಪ್ಯಾಡನ್ನು ಸೊರಬದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ವಾಪಸ್ ಕಳಿಸಿದೆ. ಚನ್ನೇಶ್ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾದರೂ ಆಗುತ್ತಿತ್ತು. ಜಗಳಕ್ಕೂ ಯಾರೂ ಸಿಗುತ್ತಿಲ್ಲ ಈ ಮನೆಯಲ್ಲಿ.

ನಾನೂ ಆಡುತ್ತಿಲ್ಲ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ.


ಮಂಗಳವಾರ, 1 ಜೂನ್. 9.30

ಮಂಗಳವಾರವಾದರೂ ಹೊಸ ಬ್ಯಾಚಿನ ಮೊದಲ ದಿನ ಇವತ್ತೇ, ಈಗ ಶುರುವಾಗಿರುತ್ತದೆ. "ಇದು ಮಾನಿಟರ್, ಇದು ಸಿಪಿಯು, ಇದನ್ನ ಮೌಸ್ ಅಂತಾರೆ" — ಹುಡುಗಿಯರು ಮೌಸ್ ಅಂದಾಗ ನಗುತ್ತಾರೆ. ಪ್ರತಿ ಬ್ಯಾಚಿನಲ್ಲೂ ನಗುತ್ತಾರೆ.

ನಡುಮನೆಯಿಂದ ಹಿತ್ತಲಿಗೆ ಹದಿನೇಳು ಹೆಜ್ಜೆ. ಹಿತ್ತಲಿಂದ ನಡುಮನೆಗೂ ಅಷ್ಟೇ.


ಬುಧವಾರ, 9 ಜೂನ್. ಮಧ್ಯಾಹ್ನ 2

ತಲೆ ಬಾಚುತ್ತಿದ್ದೆ. ಅತ್ತೆ ತಾವಾಗೇ ಕೇಳಿದರು.

"ಜೂನ್ ಒಂದು ಹೋಯ್ತೇನೇ?"

"ಹೋಯ್ತು."

"ನೀ ಯಾಕೆ ಹೋಗ್ಲಿಲ್ಲ?"

"ನಿಮ್ಮನ್ನ ಹೀಗೆ ಬಿಟ್ಟು ಹ್ಯಾಗೆ ಹೋಗ್ಲಿ?"

"ಹೋಗಬ್ಯಾಡ ಅಂದಿದ್ನಾ ನಾನು?"

"ಆಡೋದೇ ಬಿಟ್ರಲ್ಲ. ಇನ್ನೇನ್ ಹೇಳ್ಬೇಕಿತ್ತು?"

ಬಾಚಣಿಗೆ ನಿಲ್ಲಿಸಿದೆ. ದನಿ ನನಗೇ ಬಿರುಸಾಗಿ ಕೇಳಿಸಿತು. ಅತ್ತೆ ಸಿಟ್ಟಾಗಲಿಲ್ಲ. ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡರು.

"ನೀ ಹೋಗ್ತೀಯ ಅಂತ ಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ. ಮನೆಯಾಗೆ ಒಂದು ದನಿ ಇರ್ತಿತ್ತು, ಹೋದ್ರೆ ಹೆಂಗೆ ಅಂತ. ಆದ್ರೆ ಬರೇ ಅದಲ್ಲ ಕಣೆ. ಆ ಸಾಮಾನು ಕೈಯಾಗೆ ಐತೋ ಇಲ್ಲೋ ನಂಗೆ ಗೊತ್ತೇ ಆಗ್ತಿರಲಿಲ್ಲ. ನೋಡಿದ್ರೆ ಐತೆ. ಕಣ್ಣು ಮುಚ್ಚಿದ್ರೆ ಇಲ್ಲ. ಅಷ್ಟು ಹಗುರ."

ಹಗುರ ಅಂತಲೇ ಅದನ್ನು ಆರಿಸಿದ್ದೆ! ಸೆರಗಿನಲ್ಲಿ ಕೈ ಸುತ್ತಿಕೊಂಡು, ಅತ್ತೆಯ ಕೈ ನನಗೆ ಗೊತ್ತಾಯಿತು ಅಂದುಕೊಂಡು… ನನ್ನ ಎಡಗೈಗೆ ಸ್ಪರ್ಶ ಇತ್ತು. ಅವರಿಗೆ ಇಲ್ಲ. ಕೇಳಬೇಕು ಅಂತ ಹೊಳೆಯಲೇ ಇಲ್ಲ.

"ಭಾರದ್ದು ಒಂದು ಐತೆ ಅಂದಿದ್ಯಲ್ಲ ಅವತ್ತು?"

"ಇದೆ. ತರಿಸ್ತೀನಿ."

"ತರಿಸಬ್ಯಾಡ. ಈ ಸಲ ನಾನೇ ನೋಡ್ತೀನಿ. ಚನ್ನೇಶಂಗೆ ಹೇಳು, ಕಾರು ಗೊತ್ತು ಮಾಡ್ಲಿ."


ಸೋಮವಾರ, 14 ಜೂನ್. ಸಂಜೆ 7

ಒಂದು ದಿನದಲ್ಲಿ ಇಷ್ಟೊಂದು ನಡೆಯಬಹುದಾ.

ಚನ್ನೇಶ್ ಮೊದಲು ಆಗಲ್ಲ ಅಂದರು. ಅತ್ತೆ "ಆಯ್ತು ಬಿಡು, ಬಸ್ಸಿಗೆ ಹೋಗ್ತೀವಿ" ಅಂದು ಸೀರೆ ಕೇಳಿದರು. ಬಾಡಿಗೆ ಅಂಬಾಸಿಡರ್ ಒಂಬತ್ತಕ್ಕೆ ಬಂತು. ಚನ್ನೇಶ್ ಅಂಗಡಿ ಮುಚ್ಚಿ ಮುಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತರು. ಆಸ್ಪತ್ರೆ ಬಿಟ್ಟರೆ ಅತ್ತೆ ಹೊರಗೆ ಹೊರಟದ್ದು ಇದೇ ಮೊದಲು. ಶಿರಾಳಕೊಪ್ಪದಲ್ಲಿ ನಿಲ್ಲಿಸಿ ಮಂಡಕ್ಕಿ ಬೇಕೆಂದರು. ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಒಬ್ಬರೇ ತಿಂದರು.

ಸೆಂಟರಿನಲ್ಲಿ ನನ್ನ ಕುರ್ಚಿಯಲ್ಲಿ ಸಾಗರದ ಟೀಚರ್. ಚಿಕ್ಕ ಹುಡುಗಿ, ಕರುಣಾ ಅಂತ. ಎದ್ದು ನಮಸ್ಕಾರ ಮಾಡಿದಳು. ಎಂಟು ಮಷೀನಿನ ಮುಂದಿನ ಕತ್ತುಗಳೆಲ್ಲ ಹಿಂದೆ ತಿರುಗಿದವು. ವಿಭೂತಿ ಹಚ್ಚಿದ ಅಜ್ಜಿ ಕೋಲೂರಿ ಬಂದು ಗೇಮ್ ಪ್ಯಾಡ್ ತೋರಿಸು ಅನ್ನುವುದನ್ನು ಅವರು ಯಾವತ್ತು ನೋಡಿರಬೇಕು.

ಅತ್ತೆ ಕಣ್ಣು ಮುಚ್ಚಿಕೊಂಡರು. "ಒಂದೊಂದಾಗಿ ಕೈಯಾಗೆ ಇಡಪ್ಪ. ಹೇಳಬ್ಯಾಡ."

ವೈರಿನದು ಇಟ್ಟರು ಶ್ರೀನಿವಾಸ್.

"ಐತೆ. ಆದ್ರೆ ಯಾರೋ ಹಗ್ಗ ಹಿಡ್ಕೊಂಡಂಗೆ ಆಗ್ತೈತೆ. ಬ್ಯಾಡ."

ನಾನು ಆರಿಸಿದ್ದ ಬೆಳಕಿನದು.

"ಇಟ್ಟೆಯಾ?"

ಚನ್ನೇಶ್ ಗೋಡೆಯ ಕಡೆ ನೋಡುತ್ತಿದ್ದರು. ಇಟ್ಟಿದ್ದಾರೆ ಅತ್ತೆ, ಅಂದೆ.

ರೇಡಿಯೋದ್ದು. ಸೆಲ್ ಹಾಕಿ ಇಟ್ಟರು. ಅಂಗೈ ಸ್ವಲ್ಪ ಕುಗ್ಗಿತು, ಆಮೇಲೆ ಬೆರಳು ತಾವಾಗೇ ಒಂದು ಎಳೆ ಮಡಿಚಿಕೊಂಡವು.

"ಇದು ಐತೆ" ಅಂದರು. ಕಣ್ಣು ಬಿಟ್ಟರು.

ಆದರೆ ಅದರಲ್ಲಿ ಎಡಹೆಬ್ಬೆರಳಿಗೆ ಇದ್ದದ್ದು ಒತ್ತುವ ಗುಂಡಿ, ಗಟ್ಟಿ. ಎರಡು ಸಲ ಒತ್ತಿ ಸೋತರು. ತಳ್ಳುವಂಥ ಪುಟ್ಟ ಕಡ್ಡಿ ಇರುವ ಇನ್ನೊಂದು ರೇಡಿಯೋ ಪ್ಯಾಡು ಶೋಕೇಸಿನಲ್ಲಿತ್ತು. ಹಳದಿಗೆ ತಿರುಗಿದೆ, ಮೂಲೆ ತರಚಿದೆ. ಅದೂ ಅಷ್ಟೇ ಭಾರ. ಕಡ್ಡಿಗೆ ಬೆರಳು ತಾಗಿದರೆ ಸಾಕು, ಸರಿಯುತ್ತದೆ.

"ಅದು ಡೆಮೋ ಪೀಸು ಅಜ್ಜಿ. ನಾಕು ಜನ ಆಡಿ ಬಿಟ್ಟಿದ್ದು. ಗ್ಯಾರಂಟಿ ಇಲ್ಲ."

"ನಂದೂ ಗ್ಯಾರಂಟಿ ಇಲ್ಲಪ್ಪ. ಕೊಡು."

ಮೊದಲು ನಕ್ಕದ್ದು ಚನ್ನೇಶ್. ಆಮೇಲೆ ಇಡೀ ಕ್ಲಾಸು.

ಹೊರಡುವಾಗ ನಾನು ಕಿಟಕಿಯ ಹತ್ತಿರದ ಆರನೇ ಮಷೀನಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಬೇಗ ತೆಗೆದುಕೊಂಡೆ.


ಭಾನುವಾರ, 27 ಜೂನ್

ದಿನಕ್ಕೆ ಎರಡು ಹೊತ್ತು. ಕರೆಂಟ್ ಇದ್ದರೆ ಮೂರು. ಕಾರು ರಸ್ತೆಯಲ್ಲೇ ಇರುತ್ತದೆ ಈಗ, ಎಡ ತಿರುವಿನಲ್ಲಿ ಮಾತ್ರ ಹೊಲಕ್ಕೆ ಇಳಿಯುತ್ತದೆ. ಈ ಪ್ಯಾಡಿಗೆ ಅಡ್ಡ ಬಂದರೂ ತೊಂದರೆಯಿಲ್ಲ. ಆದರೂ ಚನ್ನೇಶ್ ನಡುಮನೆ ದಾಟುವಾಗ ತಲೆ ಬಗ್ಗಿಸಿಕೊಂಡೇ ಹೋಗುತ್ತಾರೆ. ನಾನು ಹೇಳಿಲ್ಲ.

ಕೆಳಗೆ ಬೀಳಿಸುತ್ತಾರೆ, ದಿನಕ್ಕೆ ಹತ್ತು ಸಲ. ಸೆಲ್ಲಿನ ಮುಚ್ಚಳ ಮುರಿದು ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಇವತ್ತು ಮತ್ತೆ ಬಿದ್ದಾಗ ನಾನು "ಅಯ್ಯೋ" ಅಂದೆ.

"ಇದು ಬಿದ್ರೆ ಏನೂ ಆಗಲ್ಲ ಬಿಡು. ಅದಕ್ಕೇ ಹಿಡೀತಿರೋದು ಇದನ್ನ."

ಎದೆಯ ಮೇಲಿನ ಕರಡಿಗೆಯನ್ನು ಬಲಗೈಯಿಂದ ಮುಟ್ಟಿಕೊಂಡರು. ಮತ್ತೆ ಆಟಕ್ಕೆ ತಿರುಗಿದರು.


ಸೋಮವಾರ, 12 ಜುಲೈ. ಬೆಳಿಗ್ಗೆ 9

ಸ್ನಾನ ಆದ ಮೇಲೆ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. "ಯಾರೂ ಬರಬ್ಯಾಡಿ." ಚನ್ನೇಶ್ ಅಂಗಡಿಗೆ ಹೊರಟವರು ಚಪ್ಪಲಿ ಮೆಟ್ಟಿ ಹಾಗೇ ನಿಂತರು. ನಾನು ಒಲೆ ಹಚ್ಚುವುದು, ಆರಿಸುವುದು. ಹೆಂಚು ಕಾಯಿಸಿದೆ, ಇಳಿಸಿದೆ. ಒಳಗೆ ಸದ್ದಿಲ್ಲ. ಗಂಟೆಯ ಸದ್ದೂ ಇಲ್ಲ. ಇಪ್ಪತ್ತೈದು ನಿಮಿಷ.

ಬಾಗಿಲು ತೆರೆಯಿತು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಹಸಿ.

"ರೊಟ್ಟಿ ಆಯ್ತಾ? ಊಟಕ್ಕಿಡು."

ಎರಡನೇ ರೊಟ್ಟಿ ತಿನ್ನುವಾಗ ಅವರೇ ಹೇಳಿದರು. "ನಡುಗ್ತು ಎರಡು ಸಲ. ಮಡಿಲಾಗೆ ಟವೆಲ್ ಮಡಚಿ ಇಟ್ಕೊಂಡಿದ್ದೆ. ಬೀಳ್ಲಿಲ್ಲ."

ಚನ್ನೇಶ್ ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಮುಖ ತೊಳೆಯುತ್ತಿದ್ದರು.


ಸೋಮವಾರ, 9 ಆಗಸ್ಟ್. ಸಂಜೆ

ಆರು ತಿಂಗಳು ಇವತ್ತಿಗೆ. ಶಿವಮೊಗ್ಗ. ಡಾಕ್ಟರು ಪೆನ್ನು ಕೊಟ್ಟು ಹಿಡಿಸಿದರು, ಬೆರಳು ಎಣಿಸಲು ಹೇಳಿದರು. ಅಂಗೈ, ಹೆಬ್ಬೆರಳು ಚೆನ್ನಾಗಿದೆ. ಕಿರುಬೆರಳು, ಉಂಗುರಬೆರಳು ಇಲ್ಲ. ಕುಪ್ಪಸದ ಗುಂಡಿ ಹಾಕಲಾಗುವುದಿಲ್ಲ. ಬಿಂದಿಗೆ ಎತ್ತಲಾಗುವುದಿಲ್ಲ. ಇನ್ನು ದೊಡ್ಡ ಬದಲಾವಣೆ ಕಷ್ಟ, ಇದನ್ನು ಕಾಪಾಡಿಕೊಳ್ಳಿ ಅಂದರು.

ಬರುವಾಗ ಅತ್ತೆ ಶಿಕಾರಿಪುರದ ಕೆರೆ ಏರಿ ಕಂಡಾಗ, "ಸಾಕು ಬಿಡು" ಅಂದರು. ಯಾರಿಗೆ ಅಂದರೋ.

ಮನೆಗೆ ಬಂದರೆ ಶ್ರೀನಿವಾಸ್ ಫೋನ್. ಮಂಗಳವಾರ, ಗುರುವಾರ ಮಧ್ಯಾಹ್ನ ಹೆಂಗಸರಿಗೇ ಒಂದು ಬ್ಯಾಚು ಮಾಡುತ್ತಾರಂತೆ. ಕರುಣಾಗೆ ಬೆಳಗಿನದೇ ಹೆಚ್ಚು. ಬರ್ತೀರಾ ಅಂತ. ಕೇಳಿ ಹೇಳುತ್ತೇನೆ ಅಂದೆ, ಈ ಸಲ ದನಿ ತಗ್ಗಿಸಿ. ಪ್ರಯೋಜನವಾಗಲಿಲ್ಲ.

"ಏನಂತೆ?"

ಹೇಳಿದೆ. ಚನ್ನೇಶ್ "ನೋಡಾಣ" ಅಂದರು.

"ನೋಡೋದೇನೈತೆ?" ಅತ್ತೆ ಮಂಚದ ಮೇಲೆ ಕಾಲು ನೀಡಿಕೊಂಡರು. "ನಿನ್ ಹೆಂಡ್ತಿ ಆರ್ ತಿಂಗ್ಳಿಂದ ಈ ಮನೆಯಾಗೆ ಕಟ್ಟಿ ಹಾಕಿದ ಕರು ಹಂಗೆ ಸುತ್ತು ಹೊಡೀತಾವ್ಳೆ. ನಂಗೇ ತಲೆ ತಿರುಗ್ತೈತೆ. ಹೋಗ್ಲಿ. ಬಸವಣ್ಣೆಮ್ಮ ಬಂದು ಕುಂತಿರ್ತಾಳೆ."

ಆಮೇಲೆ ನನ್ನ ಕಡೆ ನೋಡದೆ, "ವಾರಕ್ಕೆ ಎರಡೇ ದಿನ ತಾನೆ?" ಅಂದರು.

ಎರಡೇ, ಅಂದೆ.


ಸೊರಬ, ಮಂಗಳವಾರ, 24 ಆಗಸ್ಟ್. ಮಧ್ಯಾಹ್ನ 1.40

ಮೊದಲ ದಿನ. ಬ್ಯಾಚು ಎರಡಕ್ಕೆ. ಹನ್ನೊಂದು ಜನ ಬರಬೇಕು, ಇನ್ನೂ ಯಾರೂ ಇಲ್ಲ. ಮೂರು ಸಲ ಎಲ್ಲ ಮಷೀನು ಆನ್ ಮಾಡಿ ನೋಡಿದೆ. ಬೋರ್ಡ್ ಒರೆಸಿದೆ. ಚಾಕ್ ಮುರಿದು ಎರಡು ಮಾಡಿದೆ, ನಾಲ್ಕು ಮಾಡಿದೆ. ಇಲ್ಲಿಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಬಂದಾಗಿನಿಂದ ಮನೆಯದೇ ಯೋಚನೆ. ಬಸವಣ್ಣೆಮ್ಮ ಮಾತ್ರೆ ಕೊಟ್ಟರಾ, ಬಚ್ಚಲಲ್ಲಿ ನೀರು ಚೆಲ್ಲಿದೆಯಾ…

1.50

ಶ್ರೀನಿವಾಸ್ ರಿಸೀವರ್ ಚಾಚಿ, "ನಿಮ್ಗೇ ಮೇಡಂ. ಶಿಕಾರಿಪುರ" ಅಂದರು. ಚಾಕ್ ಬಿಟ್ಟು ಓಡಿದೆ.

"ಶರಣೀ? ನಾನೇ."

ಅತ್ತೆ! ಯಾವತ್ತೂ ಫೋನ್ ಮುಟ್ಟಿದವರಲ್ಲ. ಗೋಡೆಗೆ ಅಂಟಿಸಿದ್ದ ನಂಬರು ಒಂದೊಂದೇ ಓದಿ ಒತ್ತಿದರಂತೆ. ಬಸವಣ್ಣೆಮ್ಮ ಹಿತ್ತಲಲ್ಲಿದ್ದಾರಂತೆ.

"ಏನಾಯ್ತು ಅತ್ತೆ?"

"ಏನೂ ಆಗಿಲ್ಲ. ಊಟ ಆಯ್ತಾ ನಿಂದು? ಈ ನಂಬರು ಎಷ್ಟುದ್ದನೇ ಇದು, ಒತ್ತಿ ಒತ್ತಿ ಬೆರಳು ನೋಯ್ತೈತೆ."

"ಯಾವ ಕೈಯಲ್ಲಿ ಒತ್ತಿದ್ರಿ?"

"ಬಲಗೈಯಾಗೆ."

"ಮತ್ತೆ ರಿಸೀವರ್ ಯಾವ ಕೈಯಲ್ಲಿದೆ?"

ದಡ್ ಅಂತ ಸದ್ದು, ಏನೋ ಉರುಳಿದ್ದು. ದೂರದಿಂದ ಅತ್ತೆಯ ದನಿ, "ಏ ಬಸವಣ್ಣೆಮ್ಮಾ! ಬಾರೇ ಇಲ್ಲಿ! ಬಾರೇ!" ಅಳುವಾ ನಗುವಾ ಗೊತ್ತಾಗುತ್ತಿಲ್ಲ. ನಗುವೇ ಇರಬೇಕು.

ರಿಸೀವರನ್ನು ಕಿವಿಗೂ ಭುಜಕ್ಕೂ ಒತ್ತಿಕೊಂಡೇ ಬರೆಯುತ್ತಿದ್ದೇನೆ. ಹೆಂಗಸರು ಬಂದರು, ಬಾಗಿಲಲ್ಲಿ ನಾಲ್ಕೈದು ಜನ ಚಪ್ಪಲಿ ಬಿಡುತ್ತಿದ್ದಾರೆ. ಕೂತ್ಕೊಳ್ಳಿ ಅಂತ ಕೈ ಸನ್ನೆ ಮಾಡಿದೆ. ಆ ಕಡೆ ಬಸವಣ್ಣೆಮ್ಮನ ದನಿ, ನಾನು ಎತ್ತಿಕೊಡ್ತೀನಿ ಅನ್ನುತ್ತಿದ್ದಾರೆ. ಅತ್ತೆ ಬೈಯುತ್ತಿದ್ದಾರೆ, ನೀ ಸರಿ, ನಾನೇ ಎತ್ತಿಕೊಳ್ತೀನಿ…

ಉಸಿರು ಹತ್ತಿರ ಬಂತು. ಈಗ ಎಡಗೈ—